ಉಪ್ಪುಕೆರೆಯ ತೀರದಲ್ಲಿ ಹೊರೆಯ ಚರಿತ್ರೆ

ಕಲ್ಕತ್ತೆಯ ಪೂರ್ವದಿಕ್ಕಿನಲ್ಲಿ, ಬಿಧಾನನಗರದ ಅಂಚಿಗೆ, ಒಂದು ಕಡೆ ಕೇಷ್ಟೋಪುರದ ಕಾಲುವೆಯನ್ನೂ ಮತ್ತೊಂದು ಕಡೆ ಮೀನುಗೆರೆಗಳಿಂದ ತುಂಬಿದ ವಿಶಾಲವಾದ ಜೌಗುಭೂಮಿಯನ್ನೂ ನೆರೆಯಾಗಿ ಪಡೆದಿರುವ ಸೆಕ್ಟರ್ ಫೈವ್ ಎಂಬ ಪ್ರದೇಶವು ಈಗ ಗಣಕಯಂತ್ರಗಳ ವ್ಯವಸಾಯಕ್ಕೆ ಹೆಸರಾಗಿದೆ. ಬೆಳಗಿನ ಹೊತ್ತು ಅಲ್ಲಿಗೆ ಬಂದಿಳಿಯುವ ಸಹಸ್ರಾರು ತರುಣ ತರುಣಿಯರ ಪೈಕಿ ಹೆಗಲ ಚೀಲಕ್ಕಿಂತ ಹೆಚ್ಚಿನ ಭಾರವನ್ನು ಹೊತ್ತವರು ವಿರಳ. ಆದರೆ ಆ ನೆಲದ ಪೂರ್ವವೃತ್ತಾಂತವನ್ನು ಅರಸಿಕೊಂಡು ಹೊರಟವನಿಗೆ, ಬಹುಕಾಲದ ಪರ್ಯಂತ ಅದರ ಮಗ್ಗುಲಲ್ಲಿಯೇ ಬಂಗಾಳದ ಅಕ್ಕಿ, ಸೆಣಬು, ಸೌದೆ, ಉಪ್ಪುಗಳು ಹಾದುಹೋದವೆಂಬುದೂ, ಕಟ್ಟಡಗಳು ನಿಂತಿರುವ ಆ ಮಣ್ಣು ಸಹ ಬೇರೊಂದು ಕಡೆಯಿಂದ ಸಾಗಿಸಿ ತಂದು ಸುರಿದ ಸರಕೇ ಎಂಬುದೂ ತಿಳಿದುಬರುತ್ತದೆ. ಸರಕನ್ನು ಎತ್ತುವ, ಹೊರುವ, ಇಳಿಸುವ, ಒಟ್ಟುವ, ಕಾಪಾಡುವ ಕೆಲಸಗಳಲ್ಲಿ ಹೊರುವವನ ಶರೀರಕ್ಕೂ ಹೊರಲ್ಪಟ್ಟ ವಸ್ತುವಿಗೂ ಕೇಡು ತಟ್ಟದಂತೆ ನೋಡಿಕೊಳ್ಳುವ ವಿವೇಕವು ನಮ್ಮ ದೇಶದಲ್ಲಿ ಹೇಗೆ ಬೆಳೆದುಬಂತು, ಎಲ್ಲಿ ಮರೆತುಹೋಯಿತು, ಯಾವ ಬೆಲೆ ತೆತ್ತು ಅದನ್ನು ಮತ್ತೆ ಸಂಪಾದಿಸಬೇಕಾಯಿತು ಎಂಬುದನ್ನು ಬರೆಯಹೊರಟರೆ, ಈ ಸ್ಥಳಕ್ಕಿಂತ ಯೋಗ್ಯವಾದ ಆರಂಭಸ್ಥಾನ ನನಗೆ ಕಾಣುವುದಿಲ್ಲ.

ಸಾಲ್ಟ್ ಲೇಕ್ ಎಂದು ಜನ ಕರೆಯುವ ಈ ಬಿಧಾನನಗರವು ಊರಾಗುವುದಕ್ಕೆ ಮೊದಲು ಹೆಸರಿಗೆ ತಕ್ಕಂತೆ ಉಪ್ಪುನೀರಿನ ಕೆರೆಗಳ ಸಮೂಹವಾಗಿತ್ತು. ಸಮುದ್ರದ ಉಬ್ಬರವು ಬಿದ್ಯಾಧರಿ ನದಿಯ ಮಾರ್ಗವಾಗಿ ಇಲ್ಲಿಯವರೆಗೂ ಏರಿಬರುತ್ತಿತ್ತು. ಪಶ್ಚಿಮದಲ್ಲಿ ಹೂಗ್ಲಿ ನದಿ, ಪೂರ್ವದಲ್ಲಿ ಈ ಉಪ್ಪುಕೆರೆಗಳು. ಇವೆರಡರ ನಡುವೆ ಬೆಳೆದ ಕಲ್ಕತ್ತೆಗೆ ಸುಂದರಬನದ ಸೌದೆ ಮತ್ತು ಪೂರ್ವಬಂಗಾಳದ ಅಕ್ಕಿ ಸೆಣಬುಗಳು ನೀರಿನ ಮೇಲೆಯೇ ಬರಬೇಕಾಗಿದ್ದುದರಿಂದ, ಕಂಪನಿಯ ಸರ್ಕಾರ ಮೊದಲ್ಗೊಂಡು ಅನಂತರದ ಆಡಳಿತಗಳವರೆಗೆ ಎಲ್ಲರೂ ಕಾಲುವೆಗಳನ್ನು ತೋಡಿಸುತ್ತಲೇ ಹೋದರು. ಮೇಜರ್ ಟಾಲಿಯವರ ನಾಲೆ 1777ರಲ್ಲಿ ತೆರೆಯಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೇಲಿಯಾಘಾಟದ ಕಾಲುವೆಯೂ ಸರ್ಕ್ಯುಲರ್ ಕಾಲುವೆಯೂ ಆದವು. 1859ರಲ್ಲಿ ನ್ಯೂ ಕಟ್ ಎಂಬ ಹೊಸ ಕಾಲುವೆ, 1910ರಲ್ಲಿ ಕೃಷ್ಣಪುರದ ಕಾಲುವೆ. ಈ ಕಡೆಯದನ್ನೇ ಜನ ಕೇಷ್ಟೋಪುರ ಖಾಲ್ ಎನ್ನುತ್ತಾರೆ. ಈಗ ಕಪ್ಪಾಗಿ, ಮಂದವಾಗಿ, ಸೇತುವೆಗಳ ಕೆಳಗೆ ಹರಿಯುವ ಆ ನೀರು ಒಂದು ಕಾಲಕ್ಕೆ ಒಂದು ಪ್ರಾಂತದ ಸರಕನ್ನೆಲ್ಲ ಹೊತ್ತ ರಾಜಮಾರ್ಗವಾಗಿತ್ತು.

ದೋಣಿಗೆ ಸರಕು ಹೇರುವ ವಿದ್ಯೆಯನ್ನು ನಾವು ಲಘುವಾಗಿ ಎಣಿಸಬಾರದು. ಬಂಗಾಳದ ನಾವಿಕರು ದೋಣಿಯ ತಳದ ಮೇಲೆ ಸೀಳುಬಿದಿರಿನ ಒಂದು ಹಂದರವನ್ನು ಹಾಸಿ ಅದರ ಮೇಲೆ ಮೂಟೆಗಳನ್ನು ಇಡುತ್ತಿದ್ದರು. ತಳದಲ್ಲಿ ಜಿನುಗಿ ನಿಂತ ನೀರು ಅಕ್ಕಿಗೆ ಸೋಕಬಾರದು, ನೀರನ್ನು ಮೊಗೆದು ಹೊರಚೆಲ್ಲುವುದಕ್ಕೆ ಎಡೆಯೂ ಉಳಿಯಬೇಕು ಎಂಬುದೇ ಅದರ ಉದ್ದೇಶ. ಭಾರವಾದದ್ದು ಕೆಳಗೆ ಮತ್ತು ನಡುವೆ, ಹಗುರವಾದದ್ದು ಮೇಲೆ; ಎರಡು ಪಕ್ಕಗಳೂ ಸಮತೂಕ; ಒಂದು ಮೂಟೆಯೂ ಜಾರದಂತೆ ಇನ್ನೊಂದರ ಸಂದಿಗೆ ಒತ್ತಿ ಕೂರಿಸಬೇಕು. ಇಂದಿನ ಉಗ್ರಾಣಗಳಲ್ಲಿ ಮೂಟೆಗಳ ಅಡಿಗೆ ಮರದ ಹಲಗೆಚೌಕಟ್ಟುಗಳನ್ನು ಇಡಬೇಕೆಂದೂ, ಭಾರದ ಸರಕನ್ನು ಕೆಳಗಿನ ಸಾಲಿನಲ್ಲಿ ಒಟ್ಟಬೇಕೆಂದೂ ಗೋಡೆಯ ಮೇಲೆ ಬರೆದು ಹಾಕಿರುವ ನಿಯಮಗಳೆಲ್ಲವೂ ಅಕ್ಷರವರಿಯದ ಆ ಅಂಬಿಗನಿಗೆ ಕರತಲಾಮಲಕವಾಗಿದ್ದುವು. ತಪ್ಪಿದರೆ ದೋಣಿ ಮಗುಚುತ್ತಿತ್ತು, ಮತ್ತು ದೋಣಿಯಲ್ಲಿ ಅವನೂ ಇರುತ್ತಿದ್ದ.

ಘಾಟಿನಲ್ಲಿ ದೋಣಿ ನಿಂತ ಮೇಲೆ ಕೆಲಸ ಮುಟಿಯಾಗಳದು, ಎಂದರೆ ತಲೆಹೊರೆಯವರದು. ದಡಕ್ಕೂ ದೋಣಿಗೂ ನಡುವೆ ಒಂದು ಹಲಗೆ. ಅದರ ಮೇಲೆ ಹೊರೆಯೊಡನೆ ಬರುವವನಿಗೆ ಬರಿಗೈಯವನು ದಾರಿ ಬಿಡಬೇಕೆಂಬ ಕಟ್ಟಳೆ. ಇಬ್ಬರು ಮೂಟೆಯನ್ನು ಎರಡು ತುದಿಗಳಲ್ಲಿ ಹಿಡಿದು ಎತ್ತುತ್ತಾರೆ. ಮೂರನೆಯವನು ಮೊಣಕಾಲನ್ನು ತುಸು ಬಾಗಿಸಿ, ಬೆನ್ನನ್ನು ನೆಟ್ಟಗೆ ಇರಿಸಿ, ತಲೆಯ ಮೇಲೆ ಸಿಂಬೆಯನ್ನು ಇಟ್ಟುಕೊಂಡು ಅದರಡಿಗೆ ಬರುತ್ತಾನೆ. ನಮ್ಮ ಹೆಂಗಸರು ಕೊಡವನ್ನು ಹೊರಲು ಬಟ್ಟೆಯನ್ನೋ ಹುಲ್ಲನ್ನೋ ಸುತ್ತಿ ಮಾಡುವ ಸಿಂಬೆಯಂಥದನ್ನೇ ಬಂಗಾಳಿಗಳು ಬಿಡೆ ಎನ್ನುತ್ತಾರೆ. ಭಾರವು ನೆತ್ತಿಯ ಒಂದೇ ಬಿಂದುವಿನ ಮೇಲೆ ಕೂರದೆ ಸುತ್ತಲೂ ಹರಡುವಂತೆ ಮಾಡುವ ಈ ಚಿಕ್ಕ ಸಾಧನವು, ಮನುಷ್ಯನ ಕತ್ತಿನ ಎಲುಬುಗಳಿಗಾಗಿ ಆಲೋಚಿಸಿ ಮಾಡಿದ ಅತಿ ಪ್ರಾಚೀನವಾದ ಉಪಕರಣಗಳಲ್ಲಿ ಒಂದಾಗಿರಬೇಕು. ನಡೆಯುವಾಗ ಆಗುವ ಅಪಾಯಕ್ಕಿಂತ ಎತ್ತುವಾಗಲೂ ಇಳಿಸುವಾಗಲೂ ಆಗುವ ಅಪಾಯ ಹೆಚ್ಚೆಂಬುದನ್ನು ಹೊರೆಗಾರರು ಸ್ವಾನುಭವದಿಂದ ಬಲ್ಲರು. ಮೂಟೆಯನ್ನು ಏರಿಸಲು ಇಬ್ಬರು, ಇಳಿಸಲು ಇಬ್ಬರು ಎಂಬ ಪದ್ಧತಿಗೆ ಅದೇ ಕಾರಣ. ಕನ್ನಡನಾಡಿನ ಹಳೆಯ ದಾರಿಗಳ ಪಕ್ಕದಲ್ಲಿ, ಆಳೆತ್ತರದ ಎರಡು ಕಲ್ಲುಗಳನ್ನು ನಿಲ್ಲಿಸಿ ಅವುಗಳ ಮೇಲೆ ಅಡ್ಡಲಾಗಿ ಮತ್ತೊಂದನ್ನು ಹಾಸಿದ ಹೊರೆಗಲ್ಲುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಒಬ್ಬಂಟಿಯಾಗಿ ಬಂದ ಹೊರೆಗಾರನು ಬಗ್ಗದೆ, ಯಾರ ಸಹಾಯವನ್ನೂ ಬೇಡದೆ, ತಲೆಯ ಮೇಲಿನ ಭಾರವನ್ನು ಅಡ್ಡಗಲ್ಲಿನ ಮೇಲಕ್ಕೆ ಸರಿಸಿ, ದಣಿವಾರಿಸಿಕೊಂಡು, ಪುನಃ ಅದೇ ಎತ್ತರದಿಂದಲೇ ತಲೆಗೆ ಏರಿಸಿಕೊಂಡು ಹೋಗಬಹುದಾಗಿತ್ತು. ಕೆರೆ ಬಾವಿ ಅರವಟ್ಟಿಗೆಗಳನ್ನು ಕಟ್ಟಿಸಿದಂತೆಯೇ ಅದನ್ನೂ ಪುಣ್ಯಕಾರ್ಯವೆಂದು ಭಾವಿಸಿ ನಿಲ್ಲಿಸಿದವರಿದ್ದರೆಂಬುದನ್ನು ನೆನೆದರೆ, ಆ ಕಾಲದವರು ಹೊರೆಯವನ ನೋವನ್ನು ಕಂಡಿದ್ದರೆಂದು ಒಪ್ಪಬೇಕಾಗುತ್ತದೆ.

ಹೊರೆಯ ಪಾತ್ರೆಯ ವಿಷಯದಲ್ಲಿಯೂ ಕನ್ನಡನಾಡಿಗೂ ಬಂಗಾಳಕ್ಕೂ ಒಂದು ಹಳೆಯ ಸಂಬಂಧವುಂಟು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಜನಪವೆಂಬ ಗಿಡದ ನಾರಿನಿಂದ ಗೋಣಿಯನ್ನು ನೇಯುವ ಗೋಣಿಗರನ್ನು ಕಂಡು ಅವರ ಕಸುಬನ್ನು ವಿವರಿಸಿದ್ದಾನೆ. ಆ ಗೋಣಿಗಳು ಹೇರೆತ್ತುಗಳ ಬೆನ್ನಿನ ಮೇಲೆ ಎರಡು ಪಕ್ಕಕ್ಕೂ ಸಮವಾಗಿ ಇಳಿಬೀಳುತ್ತಿದ್ದುದರಿಂದ, ಒಂದು ಗೋಣಿಯ ಪ್ರಮಾಣವನ್ನು ಎತ್ತಿನ ಶಕ್ತಿಯೂ, ಅದನ್ನು ಏರಿಸಿ ಇಳಿಸಬೇಕಾದ ಲಂಬಾಣಿಗನ ತೋಳಿನ ಶಕ್ತಿಯೂ ಸೇರಿ ಗೊತ್ತುಮಾಡುತ್ತಿದ್ದುವು. ಹೂಗ್ಲಿಯ ದಡದ ರಿಷ್ರಾದಲ್ಲಿ 1855ರಲ್ಲಿ ಮೊದಲ ಸೆಣಬಿನ ಗಿರಣಿ ಹುಟ್ಟಿ, ಯಂತ್ರದ ಚೀಲಗಳು ರಾಶಿರಾಶಿಯಾಗಿ ಹೊರಬೀಳತೊಡಗಿದ ಮೇಲೆ ಗೋಣಿಗರ ಮಗ್ಗಗಳು ಕ್ರಮೇಣ ಹಿಂದೆ ಬಿದ್ದುವು. ನಮ್ಮ ರಾಗಿ, ಕಾಫಿ, ಅಡಕೆಗಳೆಲ್ಲ ಬಂಗಾಳದ ಚೀಲವನ್ನು ತೊಟ್ಟುಕೊಂಡುವು. ಚೀಲದೊಡನೆ ಅದರ ಅಳತೆಯೂ ಬಂತು. ಎತ್ತಿನ ಬೆನ್ನನ್ನೂ ಮನುಷ್ಯನ ಹೆಗಲನ್ನೂ ಅನುಸರಿಸುತ್ತಿದ್ದ ತೂಕವು ಅಲ್ಲಿಂದ ಮುಂದೆ ವರ್ತಕನ ಲೆಕ್ಕಪುಸ್ತಕವನ್ನು ಅನುಸರಿಸತೊಡಗಿತು. ಈ ಪ್ರಬಂಧದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ.

ಆದರೆ ಅದಕ್ಕೆ ಮುನ್ನ ಸಂಗ್ರಹಣೆಯ ವಿಷಯವಾಗಿ ನಮ್ಮ ಪೂರ್ವಿಕರು ಬಲ್ಲ ಕೆಲವು ಮಾತುಗಳನ್ನು ಹೇಳದೆ ಮುಂದುವರಿಯುವುದು ಉಚಿತವಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವಿದೆ. ಧಾನ್ಯವನ್ನು ನೆಲದಿಂದ ಎತ್ತರದಲ್ಲಿ ಇಡಬೇಕು, ಬೆಲ್ಲವನ್ನು ಒತ್ತಾಗಿ ಹೆಣೆದ ಹುಲ್ಲಿನಲ್ಲಿ ಕಟ್ಟಬೇಕು, ಎಣ್ಣೆ ತುಪ್ಪಗಳನ್ನು ಮಣ್ಣಿನ ಅಥವಾ ಮರದ ಪಾತ್ರೆಗಳಲ್ಲಿ ಇರಿಸಬೇಕು, ಉಪ್ಪನ್ನು ಮಾತ್ರ ನೆಲದ ಮೇಲೆಯೇ ರಾಶಿ ಹಾಕಬೇಕು ಎಂದು ಅಲ್ಲಿನ ವಿಧಿ. ಒಂದೊಂದು ವಸ್ತುವಿಗೂ ಅದರದರ ಸ್ವಭಾವಕ್ಕೆ ತಕ್ಕ ಸ್ಥಾನ ಎಂಬ ಈ ತತ್ತ್ವವೇ ಉಗ್ರಾಣಶಾಸ್ತ್ರದ ಬೀಜಮಂತ್ರ. ಆ ಶಾಮಶಾಸ್ತ್ರಿಗಳನ್ನು 1921ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯಿಂದ ಗೌರವಿಸಿತೆಂಬುದನ್ನು ಇಲ್ಲಿ ಸಂತೋಷದಿಂದ ಸ್ಮರಿಸುತ್ತೇನೆ. ಅದೇ ಕಲ್ಕತ್ತೆಯ ಎದುರು ದಡದಲ್ಲಿ, ಹೌರಾದ ಸಾಲ್ಕಿಯಾದಲ್ಲಿ, ಕಂಪನಿಯ ಉಪ್ಪಿನ ಗೋಲಾಗಳು, ಎಂದರೆ ಉಗ್ರಾಣಗಳು, ಇದ್ದುವು. ಹಿಜಲಿ, ತಮ್ಲುಕ್ ಮುಂತಾದ ಕಡೆ ಬೇಯಿಸಿದ ಉಪ್ಪೂ ಅನಂತರ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಉಪ್ಪೂ ಅಲ್ಲಿ ಸೇರುತ್ತಿದ್ದುವು. ಮಳೆಗಾಲದ ಗಾಳಿಯಿಂದ ನೀರನ್ನು ಹೀರಿ ಕರಗುವ, ಕಬ್ಬಿಣವನ್ನು ತಿನ್ನುವ, ಹೊರುವವನ ಬೆವರೊಡನೆ ಬೆರೆತು ಹೆಗಲಿನ ತರಚುಗಾಯವನ್ನು ಉರಿಸುವ ಆ ವಸ್ತುವಿನ ದಾಸ್ತಾನು ಸುಲಭದ ಕಾರ್ಯವಾಗಿರಲಿಲ್ಲ.

ಉತ್ತರ ಕರ್ನಾಟಕದ ಹಗೇವುಗಳೆಂಬ ನೆಲದಡಿಯ ಕಣಜಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಬರೆಯಬೇಕೆನಿಸುತ್ತದೆ. ಬಿಗಿಯಾದ ಮಣ್ಣಿನ ಎತ್ತರದ ನೆಲವನ್ನು ಆರಿಸಿ, ಕಿರಿದಾದ ಬಾಯಿಯೂ ಅಗಲವಾದ ಹೊಟ್ಟೆಯೂ ಇರುವಂತೆ ಅಗೆದು, ಒಳಗೋಡೆಗೆ ಹುಲ್ಲನ್ನೋ ಹೊಟ್ಟನ್ನೋ ಒತ್ತರಿಸಿ, ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ, ಧಾನ್ಯವು ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಮೈಸೂರು ಸೀಮೆಯಲ್ಲಿ ರಾಗಿಯನ್ನೂ ಹೀಗೆಯೇ ಹೂಳಿ ಬರಗಾಲಕ್ಕೆಂದು ಕಾಪಾಡುತ್ತಿದ್ದರು. ಹುಳು ಸಾಯುವುದೇತಕ್ಕೆಂದರೆ, ಒಳಗೆ ಸಿಕ್ಕಿದ ಅಲ್ಪಸ್ವಲ್ಪ ಪ್ರಾಣವಾಯುವನ್ನು ಧಾನ್ಯವೂ ಕೀಟಗಳೂ ಕೂಡಿ ಉಸಿರಾಡಿ ಮುಗಿಸಿ, ಅದರ ಸ್ಥಾನದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುವನ್ನು ಕೊಲ್ಲುವ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಆದುದರಿಂದ ಹಗೇವಿನ ಬಾಯಿ ತೆಗೆದವರು ಒಡನೆ ಒಳಗಿಳಿಯುತ್ತಿರಲಿಲ್ಲ. ಚಪ್ಪಡಿಯನ್ನು ಸರಿಸಿ ಬಹಳ ಹೊತ್ತು ಹಾಗೆಯೇ ಬಿಟ್ಟು, ಉರಿಯುವ ದೀಪವೊಂದನ್ನು ಹಗ್ಗದಲ್ಲಿ ಕೆಳಗೆ ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಹಗ್ಗದ ಇನ್ನೊಂದು ತುದಿ ಮೇಲೆ ನಿಂತವನ ಕೈಯಲ್ಲಿ. ಈ ಎಚ್ಚರವನ್ನು ಮರೆತ ಕಡೆಗಳಲ್ಲಿ ಒಬ್ಬನು ಬಿದ್ದನೆಂದು ಅವನನ್ನು ಎತ್ತಲು ಇನ್ನೊಬ್ಬನು ಇಳಿದು ಇಬ್ಬರೂ ಮಡಿದ ದುರಂತಗಳು ನಡೆದಿವೆ. ಹಡಗಿನ ಒಡಲಿಗೂ, ಸಿಮೆಂಟಿನ ಧಾನ್ಯಗೋಪುರಕ್ಕೂ ಇಳಿಯುವವರಿಗೆ ಇಂದು ಬೋಧಿಸುವ ನಿಯಮಗಳು, ಗಾಳಿಯನ್ನು ಪರೀಕ್ಷಿಸಬೇಕು, ಒಬ್ಬನೇ ಇಳಿಯಬಾರದು, ಮೇಲೆ ಕಾವಲಿರಬೇಕು ಎಂಬವು, ನಮ್ಮ ರೈತನ ದೀಪ ಮತ್ತು ಹಗ್ಗಗಳಿಗಿಂತ ಒಂದು ಹೆಜ್ಜೆಯೂ ಬೇರೆಯಾದುವಲ್ಲ.

ಹೀಗೆ ಪರಂಪರೆಯಿಂದ ಬಂದ ವಿವೇಕವು ದೊಡ್ಡ ವಾಣಿಜ್ಯದ ಕೈಗೆ ಸಿಕ್ಕಿದಾಗ ಏನಾಯಿತೆಂಬುದನ್ನು ತಿಳಿಯಲು ಕಲ್ಕತ್ತೆಯ ಸೆಣಬಿನ ಗೋದಾಮುಗಳಿಗೆ ಹೋಗಬೇಕು. ಉಪ್ಪುಕೆರೆಯ ಕಾಲುವೆಗಳಿಂದಲೂ ನದಿಯಿಂದಲೂ ಬಂದ ಸಡಿಲ ಸೆಣಬನ್ನು ಚಿತ್ಪುರ, ಕಾಶೀಪುರಗಳಲ್ಲಿ ಒತ್ತುಯಂತ್ರಗಳಿಗೆ ಕೊಟ್ಟು ಕಲ್ಲಿನಂತೆ ಬಿಗಿಯಾದ ಬೇಲುಗಳನ್ನಾಗಿ ಮಾಡುತ್ತಿದ್ದರು. ಹಡಗಿನ ಬಾಡಿಗೆ ಸರಕು ಆಕ್ರಮಿಸುವ ಜಾಗವನ್ನು ಅನುಸರಿಸಿ ಗೊತ್ತಾಗುತ್ತಿದ್ದುದರಿಂದ ಎಷ್ಟು ಒತ್ತಿದರೆ ಅಷ್ಟು ಲಾಭ. ಹೊರನಾಡಿಗೆ ಹೋಗುವ ಪಕ್ಕಾ ಬೇಲಿನ ತೂಕ 400 ಪೌಂಡು ಎಂದು ನಿಶ್ಚಯವಾಯಿತು. ಎಂದರೆ ಈಗಿನ ಲೆಕ್ಕದಲ್ಲಿ 181 ಕಿಲೋಗ್ರಾಂ. ಸ್ಕಾಟ್ಲೆಂಡಿನ ಡಂಡಿಯ ಗಿರಣಿಗೂ ಲಂಡನ್ನಿನ ದಲ್ಲಾಳಿಗೂ ಹಡಗಿನ ಒಡೆಯನಿಗೂ ಅನುಕೂಲವಾಗಿದ್ದ ಈ ಅಂಕಿಯನ್ನು ನಿರ್ಣಯಿಸುವಾಗ ಅದನ್ನು ಉರುಳಿಸಿ, ಎತ್ತಿ, ಠೇಲಾಗಾಡಿಗೆ ಏರಿಸಬೇಕಾದ ಬಿಹಾರದ ಅಥವಾ ಒರಿಸ್ಸದ ಕೂಲಿಯ ಬೆನ್ನನ್ನು ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ಬೇಲುಗಳನ್ನು ಹಿಡಿಯಲು ಕಬ್ಬಿಣದ ಕೊಕ್ಕೆ ಬಳಕೆಗೆ ಬಂತು. ಕೊಕ್ಕೆಯು ಕೈಗೆ ಹಿಡಿತವನ್ನು ಕೊಟ್ಟಿತು. ಅದರ ಜೊತೆಗೇ ಜಾರಿದಾಗ ಪಕ್ಕದವನ ತೊಡೆಯನ್ನು ಸೀಳುವ, ಚೀಲವನ್ನು ಹರಿದು ಧಾನ್ಯವನ್ನು ಸುರಿಸುವ ಹೊಸ ಅಪಾಯವನ್ನೂ ತಂದಿತು. ಧಾನ್ಯದ ಮೂಟೆಗಳಿಗೆ ಕೊಕ್ಕೆ ಹಾಕಕೂಡದೆಂದು ಚೀಲದ ಮೇಲೆಯೇ ಅಚ್ಚೊತ್ತುವ ವಾಡಿಕೆ ಹುಟ್ಟಿದ್ದು ಇದರಿಂದ.

ಸೆಣಬಿನ ಇನ್ನೊಂದು ಸ್ವಭಾವ ಬೆಂಕಿ. ತೇವದಿಂದಿದ್ದ, ಅಥವಾ ಎಣ್ಣೆ ತಗುಲಿದ ಸೆಣಬು ತನ್ನೊಳಗೇ ಕಾವೇರುತ್ತದೆ. ಬಿಗಿದ ಬೇಲಿನ ಗರ್ಭದಲ್ಲಿ ಕಿಡಿ ಸೇರಿದರೆ ಹೊರಗೆ ಹೊಗೆಯೂ ಕಾಣದಂತೆ ಬಹುಕಾಲ ನಿಗಿನಿಗಿಸಿ, ನಂದಿತೆಂದು ಜನ ತಿರುಗಿಹೋದ ಮೇಲೆ ಪುನಃ ಭುಗಿಲೇಳುತ್ತದೆ. ಉತ್ತರ ಕಲ್ಕತ್ತೆಯ ಇಕ್ಕಟ್ಟಾದ ಬೀದಿಗಳಲ್ಲಿ, ವಾಸದ ಮನೆಗಳಿಗೆ ಗೋಡೆ ಹತ್ತಿಕೊಂಡು ಈ ಸರಕು ಒಟ್ಟಿದ್ದುದನ್ನು ನೋಡಿ ಸರ್ಕಾರವು 1872ರಲ್ಲಿ ಒಂದು ಶಾಸನವನ್ನು ಮಾಡಿತು. ಸೆಣಬಿನ ಗೋದಾಮುಗಳಿಗೆ ಪರವಾನಗಿಯ ಕಟ್ಟುಪಾಡನ್ನೂ ನಗರಕ್ಕೆ ಒಂದು ಅಗ್ನಿಶಾಮಕ ದಳವನ್ನೂ ಆ ಒಂದೇ ಶಾಸನವು ಕಲ್ಪಿಸಿತು. 1893ರಲ್ಲಿ ಅದರ ಸ್ಥಾನಕ್ಕೆ ಬಂದ ಕಾಯಿದೆಯ ಹೆಸರಿನಲ್ಲಿಯೂ ಪರವಾನಗಿಯ ಉಗ್ರಾಣ ಮತ್ತು ಅಗ್ನಿದಳ ಎಂಬೆರಡು ಮಾತುಗಳು ಜೋಡಿಯಾಗಿಯೇ ಉಳಿದುವು. ಕಲ್ಕತ್ತೆಯಂಥ ಮಹಾನಗರದ ಬೆಂಕಿಯ ದಳವು ಅರಮನೆಗಾಗಿಯೂ ಅಲ್ಲ, ಕಚೇರಿಗಾಗಿಯೂ ಅಲ್ಲ, ಗೋದಾಮಿಗಾಗಿ ಶಾಸನಬದ್ಧವಾಯಿತೆಂಬ ಸಂಗತಿಯನ್ನು ಇತಿಹಾಸಕಾರರು ಇನ್ನಷ್ಟು ಗಮನಿಸಬೇಕಾಗಿತ್ತೆಂದು ನನ್ನ ಅಭಿಪ್ರಾಯ. ಆದರೂ ಆ ಶಾಸನ ಕಾಪಾಡಲು ಹೊರಟದ್ದು ಸರಕನ್ನೂ ನೆರೆಮನೆಗಳನ್ನೂ. ಹೊರುವವನ ಶರೀರದ ಪ್ರಸ್ತಾಪ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಬಂದರಿನ ಆಡಳಿತಕ್ಕೆ 1870ರಲ್ಲಿ ಕಮಿಷನರುಗಳ ಮಂಡಲಿ ಏರ್ಪಟ್ಟಿತು. 1892ರಲ್ಲಿ ಖಿದಿರ್‌ಪುರದ ಡಾಕು ತೆರೆಯಿತು. ಕ್ರೇನುಗಳು ಬಂದುವು. ತಲೆಯ ಮೇಲಿನ ಭಾರವನ್ನು ಯಂತ್ರವು ಎತ್ತಿಕೊಂಡಿತೇನೋ ನಿಜ. ಆದರೆ ಆ ಭಾರವು ಈಗ ತಲೆಯ ಮೇಲೆ ಅಂತರಿಕ್ಷದಲ್ಲಿ ತೂಗಾಡತೊಡಗಿತು. ಸರಪಣಿ ಹರಿದರೆ, ತೂಕದ ಅಂದಾಜು ತಪ್ಪಿ ಕ್ರೇನಿನ ಶಕ್ತಿಗೆ ಮೀರಿದ ಪೆಟ್ಟಿಗೆಯನ್ನು ಎತ್ತಿದರೆ, ಕೆಳಗಿದ್ದವರಿಗೆ ಓಡಲೂ ಎಡೆಯಿಲ್ಲ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1929ರಲ್ಲಿ, ಹಡಗಿನಲ್ಲಿ ಸಾಗುವ ಒಂದು ಸಾವಿರ ಕಿಲೋಗ್ರಾಂ ಮತ್ತು ಅದಕ್ಕೂ ಹೆಚ್ಚಿನ ಗಂಟುಗಳ ಮೇಲೆ ಅವುಗಳ ತೂಕವನ್ನು ಅಳಿಸಿಹೋಗದಂತೆ ಬರೆಯಬೇಕೆಂದು ಗೊತ್ತುಮಾಡಿದ್ದು ಈ ಕಾರಣಕ್ಕೆ. ಎತ್ತುವವನಿಗೆ ತಾನು ಎತ್ತುತ್ತಿರುವುದರ ತೂಕ ತಿಳಿದಿರಬೇಕೆಂಬ ಇಷ್ಟು ಸರಳವಾದ ಹಕ್ಕನ್ನು ಒಪ್ಪಿಸಲು ರಾಷ್ಟ್ರಗಳು ಸಭೆ ಸೇರಬೇಕಾಯಿತು! ಭಾರತದಲ್ಲಿ ಅದಕ್ಕಾಗಿ 1951ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಅದಕ್ಕೆ ಹಿಂದೆ, ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಿಸುವ ಕಾಯಿದೆ 1923ರಲ್ಲಿಯೂ, ಡಾಕಿನ ಕೂಲಿಗಳ ರಕ್ಷಣೆಯ ಕಾಯಿದೆ 1934ರಲ್ಲಿಯೂ ಆಗಿದ್ದುವು.

ಯುದ್ಧಕಾಲದ ಎರಡು ಘಟನೆಗಳು ಈ ಚರಿತ್ರೆಯಲ್ಲಿ ಕಪ್ಪು ಮಸಿಯಲ್ಲಿ ಬರೆಯತಕ್ಕವು. 1944ನೆಯ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದು ನೂರಾರು ಜನ ಮಡಿದರು. ಸುಮಾರು 1,400 ಟನ್ ಸ್ಫೋಟಕಗಳಿದ್ದ ಅದೇ ಹಡಗಿನೊಳಗೆ ಹತ್ತಿಯ ಬೇಲುಗಳನ್ನೂ ತುಂಬಿದ್ದರು. ಒಂದೊಂದು ವಸ್ತುವಿಗೂ ಅದರದರ ಸ್ಥಾನ ಎಂಬ ಕೌಟಿಲ್ಯನ ಕಾಲದ ಪಾಠವನ್ನು ಅವಸರವು ನುಂಗಿತ್ತು. ಇನ್ನೊಂದು ಘಟನೆ ಕಲ್ಕತ್ತೆಯದೇ. 1943ರ ಘೋರ ಕ್ಷಾಮದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತ ಬಂಗಾಳದಲ್ಲಿ, ಸರ್ಕಾರವು ತರಿಸಿದ ಧಾನ್ಯಕ್ಕೆ ತಕ್ಕ ಉಗ್ರಾಣಗಳಿಲ್ಲದೆ, ಶಿಬಪುರದ ಸಸ್ಯೋದ್ಯಾನದ ಬಯಲಿನಲ್ಲಿ ಒಟ್ಟಿದ ಮೂಟೆಗಳು ಮಳೆಗೆ ನೆನೆದು ಕೊಳೆತುವು. ಕಾಲುವೆಯ ದೋಣಿಯವನು ಒಂದು ಮಣ ಅಕ್ಕಿಗೆ ತೋರಿಸುತ್ತಿದ್ದ ಎಚ್ಚರವನ್ನು ಒಂದು ಸರ್ಕಾರವು ಒಂದು ಪ್ರಾಂತದ ಅನ್ನಕ್ಕೆ ತೋರಿಸಲಾರದೆ ಹೋಯಿತು. ಇದನ್ನು ಕ್ಷಮಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸ್ವತಂತ್ರ ಭಾರತವು ಈ ಅನುಭವವನ್ನು ಮರೆಯಲಿಲ್ಲ. ಗ್ರಾಮೀಣ ಸಾಲದ ಸಮೀಕ್ಷೆಯ ಸಮಿತಿ 1954ರಲ್ಲಿ ಕೊಟ್ಟ ಸಲಹೆಯಂತೆ 1956ರಲ್ಲಿ ಶಾಸನವಾಗಿ, 1957ರಲ್ಲಿ ಕೇಂದ್ರೀಯ ಉಗ್ರಾಣ ನಿಗಮವು ಸ್ಥಾಪಿತವಾಯಿತು. ನಮ್ಮ ರಾಜ್ಯದ ಉಗ್ರಾಣ ನಿಗಮವೂ ಅದೇ ವರ್ಷದ್ದು. 1965ರಲ್ಲಿ ಭಾರತ ಆಹಾರ ನಿಗಮ ಬಂತು. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಧಾನ್ಯವನ್ನು ಕೀಟಗಳಿಂದ ರಕ್ಷಿಸುವ ವಿಧಾನಗಳನ್ನು ಶೋಧಿಸಿದರು. ಈ ಉಗ್ರಾಣಗಳೊಳಗೆ ಹೋಗಿ ಒಂದು ಒಟ್ಟಿಲನ್ನು ಹತ್ತಿರದಿಂದ ನೋಡಿದರೆ ಅದರ ರಚನೆಯ ಹಿಂದಿರುವ ವಿಚಾರ ಮನಸ್ಸಿಗೆ ಬರುತ್ತದೆ. ಅಡಿಯಲ್ಲಿ ಮರದ ಚೌಕಟ್ಟು. ಅದರ ಮೇಲೆ ಮೊದಲ ಸಾಲಿನ ಚೀಲಗಳು ಉದ್ದಕ್ಕೆ, ಎರಡನೆಯ ಸಾಲು ಅಡ್ಡಕ್ಕೆ, ಮೂರನೆಯದು ಪುನಃ ಉದ್ದಕ್ಕೆ. ಹೀಗೆ ಒಂದರ ಸಂದಿಯನ್ನು ಇನ್ನೊಂದು ಮುಚ್ಚುವುದರಿಂದ ಇಡೀ ಒಟ್ಟಿಲು ಒಂದೇ ದೇಹವಾಗಿ ನಿಲ್ಲುತ್ತದೆ. ಚೀಲದ ಹೊಲಿದ ಬಾಯಿ ಒಳಮುಖ. ಮೇಲೇರಿದಂತೆ ಪಕ್ಕಗಳು ತುಸು ಒಳಕ್ಕೆ ಸರಿಯುತ್ತವೆ. ಗೋಡೆಗೂ ಒಟ್ಟಿಲಿಗೂ ನಡುವೆ ಮನುಷ್ಯನು ನಡೆದಾಡುವಷ್ಟು ಓಣಿ. ಗೋಡೆಗೆ ಆನಿಸಿದರೆ ತೇವ ಹೀರುತ್ತದೆ, ಇಲಿಗೆ ಮರೆಯಾಗುತ್ತದೆ, ಗೋಡೆಯೇ ಬಿರಿಯಲೂಬಹುದು. ಇಳಿಸುವಾಗ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕೇ ಹೊರತು ಕೈಗೆ ಸಿಕ್ಕ ಮಧ್ಯದ ಚೀಲವನ್ನು ಎಳೆಯಕೂಡದು. ಹಾಗೆ ಎಳೆದ ದಿನ ಒಟ್ಟಿಲು ಕುಸಿದು ಹಮಾಲರು ಅದರಡಿಯಲ್ಲಿ ಸಿಕ್ಕುತ್ತಾರೆ. ಹುಳುವಿಗೆ ಹಾಕುವ ಔಷಧದ ಗುಳಿಗೆ ಗಾಳಿಯ ತೇವದೊಡನೆ ಸೇರಿ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಹೊರಸೂಸುವುದರಿಂದ, ಹೊದಿಕೆಯನ್ನು ತೆಗೆದು ಗಾಳಿಯಾಡಿಸದೆ ಯಾರೂ ಒಳಗೆ ಕೆಲಸಕ್ಕೆ ಇಳಿಯಬಾರದು. ಹಗೇವಿನ ಬಾಯಲ್ಲಿ ಕಾದು ನಿಂತವನ ತಾಳ್ಮೆಯೇ ಇಲ್ಲಿಯೂ ಬೇಕು.

ಇಷ್ಟೆಲ್ಲ ಆದರೂ ಮೂಟೆಯ ತೂಕದ ಪ್ರಶ್ನೆ ಹಾಗೆಯೇ ಉಳಿದಿತ್ತು. 1948ರ ಕಾರ್ಖಾನೆ ಕಾಯಿದೆಯ 34ನೆಯ ವಿಧಿಯು, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ಹೇಳಿತು. ಆದರೆ ಹುಬ್ಬಳ್ಳಿ, ದಾವಣಗೆರೆ, ಯಶವಂತಪುರಗಳ ಮಂಡಿಗಳೂ ಕಲ್ಕತ್ತೆಯ ಪೋಸ್ತಾ ಬಜಾರೂ ಕಾರ್ಖಾನೆಗಳಾಗಿರಲಿಲ್ಲ. ಅಲ್ಲಿ ಒಂದು ಕ್ವಿಂಟಲಿನ ಚೀಲವನ್ನು ಒಬ್ಬನೇ ಹಮಾಲನು ಬೆನ್ನ ಮೇಲೆ ಹೊತ್ತು ಲಾರಿಯ ಹಲಗೆಯನ್ನು ಏರುತ್ತಿದ್ದ. ಅವನ ಕೂಲಿ ಚೀಲದ ಲೆಕ್ಕದಲ್ಲಿ; ನಿಧಾನಿಸಿದರೆ ನಷ್ಟ, ನಿಂತರೆ ನಷ್ಟ, ಮುಪ್ಪು ಬರುವುದಕ್ಕೆ ಮೊದಲೇ ಸೊಂಟ ಹೋದರೆ ಕೇಳುವವರಿಲ್ಲ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಯಸ್ಕ ಪುರುಷನೊಬ್ಬನು ಕೈಯಿಂದ ಸಾಗಿಸುವ ಭಾರ 55 ಕಿಲೋಗ್ರಾಂ ಮೀರಬಾರದೆಂದು ಶಿಫಾರಸು ಮಾಡಿತು. 1969ರಲ್ಲಿ ನೆರೆಯ ಮಹಾರಾಷ್ಟ್ರವು ಮಾಥಾಡಿಗಳೆಂಬ ತಲೆಹೊರೆಯವರಿಗೂ ಹಮಾಲರಿಗೂ ಪ್ರತ್ಯೇಕ ಕಾಯಿದೆಯನ್ನು ಮಾಡಿ ಮಾರ್ಗ ತೋರಿಸಿತು. ಕ್ರಮೇಣ ಸರ್ಕಾರದ ಖರೀದಿಯಲ್ಲಿ 50 ಕಿಲೋಗ್ರಾಂನ ಚೀಲ ರೂಢಿಗೆ ಬಂದಿದೆ. ಕ್ರೇನು, ತಳ್ಳುಗಾಡಿ, ಫೋರ್ಕ್‌ಲಿಫ್ಟುಗಳ ಮಹಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊರೆಗಾರನ ಆಯುಷ್ಯಕ್ಕೆ ಚೀಲ ಅರ್ಧವಾದದ್ದರಿಂದ ಆದ ಉಪಕಾರ, ಮಂಡಿಗಳವರೆಗೆ ಬಾರದೆಯೇ ಹೋದ ಯಂತ್ರಗಳಿಂದ ಆಗಲಿಲ್ಲ.

ಇನ್ನು ಉಪ್ಪುಕೆರೆಗೆ ಹಿಂತಿರುಗೋಣ. ಬಿದ್ಯಾಧರಿಯು ಹೂಳು ತುಂಬಿ 1920ರ ದಶಕದಲ್ಲಿ ಸತ್ತುಹೋಗಿತ್ತು. ಉಪ್ಪಿನಂಶ ಕಳೆದ ಚರಂಡಿನೀರಿನಲ್ಲಿ ಜನ ಮೀನು ಸಾಕುತ್ತಿದ್ದರು. ಬೆಳೆಯುವ ನಗರಕ್ಕೆ ಜಾಗ ಬೇಕೆಂದು ಮುಖ್ಯಮಂತ್ರಿ ಡಾ. ಬಿಧಾನಚಂದ್ರ ರಾಯರು ಯುಗೋಸ್ಲಾವಿಯಾದ ಇನ್ವೆಸ್ಟ್ ಇಂಪೋರ್ಟ್ ಸಂಸ್ಥೆಗೆ ಕೆರೆಗಳನ್ನು ತುಂಬುವ ಕಾರ್ಯವನ್ನು ಒಪ್ಪಿಸಿದರು. ಊರಿನ ನಕ್ಷೆಯನ್ನು ರಚಿಸಿದವರು ಅದೇ ದೇಶದ ದೊಬ್ರಿವೊಯೆ ತೋಷ್ಕೋವಿಚ್. 1962ರ ಏಪ್ರಿಲ್ 16ರಂದು ಕಾರ್ಯಾರಂಭವಾಯಿತು. ಹೂಗ್ಲಿಯ ತಳದ ಹೂಳನ್ನು ಯಂತ್ರದಿಂದ ತೋಡಿ, ನೀರಿನೊಡನೆ ಕಲಸಿ ತೆಳ್ಳಗೆ ಮಾಡಿ, ಕೊಳವೆಗಳ ಮೂಲಕ ನಗರವನ್ನು ದಾಟಿಸಿ ತಂದು ಕೆರೆಗಳಿಗೆ ಬಿಟ್ಟರು. ನೀರು ಬಸಿದುಹೋಯಿತು, ಮಣ್ಣು ನಿಂತಿತು. ಶತಮಾನಗಳಿಂದ ತಲೆಹೊರೆಯಲ್ಲಿ ಬದುಕಿದ ನಗರದಲ್ಲಿ, ಒಂದು ಊರಿನಷ್ಟು ಮಣ್ಣು ಒಂದು ಬುಟ್ಟಿಯನ್ನೂ ತಲೆಗೆ ಏರಿಸದೆ ಸ್ಥಳಾಂತರವಾಯಿತು. ವಿಜ್ಞಾನವು ಮನಸ್ಸುಮಾಡಿದರೆ ಹೊರೆಯನ್ನು ಮನುಷ್ಯನ ಬೆನ್ನಿನಿಂದ ಇಳಿಸಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ. ಕೆರೆಯನ್ನು ನೆಚ್ಚಿದ ಬೆಸ್ತರು ಕಳೆದುಕೊಂಡುದನ್ನೂ ಅದರ ಪಕ್ಕದಲ್ಲಿಯೇ ಬರೆದಿಡಬೇಕಾದದ್ದು ನ್ಯಾಯ. ರಾಯರು ಆ ವರ್ಷದ ಜುಲೈ 1ರಂದು ತೀರಿಕೊಂಡರು. ಊರಿಗೆ ಅವರ ಹೆಸರು ಬಂತು. ಅದರ ಐದನೆಯ ವಿಭಾಗವಾದ ಸೆಕ್ಟರ್ ಫೈವನ್ನು ಕೈಗಾರಿಕೆಗೆ ಮೀಸಲಿಟ್ಟು, 1974ರಲ್ಲಿ ಹುಟ್ಟಿದ ವೆಬೆಲ್ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಇಲೆಕ್ಟ್ರಾನಿಕ್ಸ್ ಸಂಕೀರ್ಣವನ್ನು ಬೆಳೆಸಿದರು. 2006ರಲ್ಲಿ ನಬದಿಗಂತ ಎಂಬ ಪ್ರಾಧಿಕಾರಕ್ಕೆ ಅದರ ಆಡಳಿತ ಸೇರಿತು.

ಈ ಹೊಸ ಊರಿನಿಂದ ಕೆಲವೇ ಮೈಲಿಗಳ ದೂರದ ಬಡಾಬಜಾರಿನಲ್ಲಿ 2008ರ ಜನವರಿಯಲ್ಲಿ ನಂದರಾಮ್ ಮಾರುಕಟ್ಟೆಯೂ, 2018ರ ಸೆಪ್ಟೆಂಬರಿನಲ್ಲಿ ಕ್ಯಾನಿಂಗ್ ಸ್ಟ್ರೀಟಿನ ಬಾಗ್ರಿ ಮಾರುಕಟ್ಟೆಯೂ ದಿನಗಟ್ಟಲೆ ಉರಿದುವು. ಅಂಗಡಿ, ದಾಸ್ತಾನು ಎಲ್ಲವೂ ಒಂದೇ ಕಟ್ಟಡದಲ್ಲಿ ಒತ್ತೊತ್ತಾಗಿ ಸೇರಿದ್ದುವು. 1872ರಲ್ಲಿಯೇ ಗೋದಾಮಿಗೂ ಬೆಂಕಿಗೂ ಇರುವ ಸಂಬಂಧವನ್ನು ಶಾಸನದಲ್ಲಿ ಬರೆದಿಟ್ಟ ನಗರ ಇದು.

2025ರ ಆಗಸ್ಟಿನಿಂದ ಹೌರಾ ಮೈದಾನದಿಂದ ಸೆಕ್ಟರ್ ಫೈವ್‌ವರೆಗೆ ಮೆಟ್ರೊ ರೈಲು ಹೂಗ್ಲಿಯ ತಳವನ್ನು ಹಾದು ಅಖಂಡವಾಗಿ ಓಡುತ್ತಿದೆ. ಗೋದಾಮುಗಳ ಲೆಕ್ಕವನ್ನು ಈಗ ಗಣಕಯಂತ್ರ ಇಡುತ್ತದೆ. ಯಾವ ಪೆಟ್ಟಿಗೆ ಎಲ್ಲಿರಬೇಕು, ಅದನ್ನು ಎಷ್ಟು ನಿಮಿಷದಲ್ಲಿ ತರಬೇಕು ಎಂಬುದನ್ನೂ ಅದೇ ವಿಧಿಸುತ್ತದೆ. ಅಂಥ ವಿಧಿಗಳನ್ನು ಬರೆಯುವ ವೃತ್ತಿಯಲ್ಲಿರುವ ಕನ್ನಡಿಗರು ಸೆಕ್ಟರ್ ಫೈವ್‌ನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಅವರಲ್ಲಿ ನನ್ನದೊಂದು ವಿಜ್ಞಾಪನೆ. ಸೆಕ್ಟರ್ ಫೈವ್‌ನವರು ಒಂದು ರಜೆಯ ಬೆಳಗ್ಗೆ ಮೆಟ್ರೊದಲ್ಲಿ ಮಹಾಕರಣ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ನಡೆದು ಪೋಸ್ತಾ ಬಜಾರಿಗೆ ಬನ್ನಿ. ಬೆಂಗಳೂರಿನವರು ಯಶವಂತಪುರದ ಮಂಡಿಗೆ ಹೋಗಿ. ಮೂಟೆ ಹೊರುವವನು ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಇಳಿಸುವಾಗ ಅವನಿಗೆ ಎಷ್ಟು ಜನರ ಸಹಾಯ ಬೇಕು ಎಂಬುದನ್ನು ಕಣ್ಣಾರೆ ನೋಡಿ, ನಿಮ್ಮ ನಿಮಿಷಗಳ ಲೆಕ್ಕದಲ್ಲಿ ಆ ವಿರಾಮಕ್ಕೂ ಆ ಇಬ್ಬರು ಸಹಾಯಕರಿಗೂ ಸ್ಥಳ ಕೊಡಿ. ಮೂಟೆಯ ತೂಕವನ್ನು ನಮೂದಿಸುವ ಕಡೆ 50 ಕಿಲೋಗ್ರಾಂಗಿಂತ ಹೆಚ್ಚಿನ ಅಂಕಿಯನ್ನು ಒಬ್ಬನ ಹೆಸರಿಗೆ ಬರೆಯಲು ಯಂತ್ರವು ಒಪ್ಪದಂತೆ ಮಾಡಿ.